ದುಬಾರಾ

ತೀರಿಕೊಂಡವರನ್ನೆಲ್ಲ ಅಜಾತಶತ್ರು ಎಂದು ಕರೆಯುವ ಚಟ ನಮ್ಮಲ್ಲಿ ಯಾವಾಗ ಶುರುವಾಯಿತೋ ಕಾಣೆ. ನಮ್ಮ ಸರ್ ತೀರಿಕೊಂಡ ಹತ್ತನೆಯ ದಿನ ಕಲಬುರಗಿಯ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಸಂತಾಪ ಸಭೆ ಇಟ್ಟಿದ್ದರು. ಆರು ಜನ ಮಾತಾಡಿದರು, ಆರೂ ಜನ ಆ ಮಾತನ್ನೇ ಹೇಳಿದರು. ಕೊನೆಯ ಸಾಲಿನಲ್ಲಿ ಕುಳಿತಿದ್ದ ನನಗೆ ಎದ್ದು ಕೂಗಬೇಕೆನ್ನಿಸಿತು. ಅವರಿಗೆ ಶತ್ರುಗಳಿರಲಿಲ್ಲವೇ? ಅವರು ಕಲಿಸುತ್ತಿದ್ದ ಪೇಪರನ್ನು ಸಿಲಬಸ್ಸಿನಿಂದ ಕಿತ್ತುಹಾಕಿಸಿದವರು ವೇದಿಕೆಯ ಮೇಲೆಯೇ ಕುಳಿತು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇನ್ನೊಬ್ಬ ಶತ್ರು ಕೊನೆಯ ಸಾಲಿನಲ್ಲಿದ್ದ. ಅವನಿಗೆ ಮಾತಾಡಲು ಯಾರೂ ಹೇಳಲಿಲ್ಲ, ಯಾಕೆಂದರೆ ಅವನ ಮಹಾಪ್ರಬಂಧದ ಮೇಲೆ ಗೈಡ್ ಎಂದು ಬೇರೆಯವರ ಹೆಸರಿದೆ.

ಸರ್ ಹೆಸರು ಇಲ್ಲಿ ಬರೆಯುವುದಿಲ್ಲ. ಹುಡುಗರು ಬೆನ್ನ ಹಿಂದೆ ಅವರನ್ನು ‘ದುಬಾರಾ ಸರ್’ ಎನ್ನುತ್ತಿದ್ದರು, ಅಷ್ಟು ಸಾಕು.

ಅವರು ಕಲಿಸುತ್ತಿದ್ದದ್ದು ಎಣಿಸುವ ಗಣಿತ. ಸಿಲಬಸ್ಸಿನಲ್ಲಿ ಅದಕ್ಕೆ ಕಾಂಬಿನೇಟೋರಿಕ್ಸ್ ಎಂಬ ಭಾರಿ ಹೆಸರಿದೆ. ‘ಎಷ್ಟು ರೀತಿಯಲ್ಲಿ?’ ಎಂದು ಕೇಳಿದರೆ ಒಂದೊಂದಾಗಿ ಎಣಿಸದೆ ಉತ್ತರ ಹೇಳುವ ವಿದ್ಯೆ ಅದು. ಈ ವಿದ್ಯೆಯಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಒಂದೇ ಜಾತಿಯವು. ನಮಗೆ ಗೊತ್ತಿಲ್ಲದೆ ಒಂದನ್ನೇ ಎರಡು ಸಲ ಎಣಿಸಿರುತ್ತೇವೆ. ಸರ್ ಮನೆಮಾತು ದಖನಿ ಉರ್ದು. ಬೋರ್ಡಿನ ಮೇಲೆ ಯಾರಾದರೂ ಹಾಗೆ ಎಣಿಸಿದರೆ ‘ತಪ್ಪು’ ಎನ್ನುತ್ತಿರಲಿಲ್ಲ. ಎಡಗೈಯ ಎರಡು ಬೆರಳು ಎತ್ತಿ ‘ದುಬಾರಾ’ ಎನ್ನುತ್ತಿದ್ದರು. ಎರಡನೇ ಸಲ ಎಂದು ಅದರ ಅರ್ಥ.

ನಾನು ಕಮಲಾಪುರದ ಪಕ್ಕದ ಹಳ್ಳಿಯವನು. ಎಂ.ಎಸ್ಸಿ.ಗೆ ಸೇರಿದಾಗ ನನಗೆ ಬರುತ್ತಿದ್ದ ಉರ್ದು ಅಂದರೆ ಬಸ್ಸಿನಲ್ಲಿ ಜಾಗ ಕೇಳುವಷ್ಟು. ಸರ್ ಬಾಯಿಂದ ಬಂದ ಮಾತನ್ನು ನನ್ನ ಕಿವಿ ‘ದುಬಾರಿ’ ಎಂದು ಕೇಳಿಸಿಕೊಂಡಿತು. ಉತ್ತರ ದುಬಾರಿ ಆಗಿದೆ, ಇರಬೇಕಾದ್ದಕ್ಕಿಂತ ಜಾಸ್ತಿ ಬಂದಿದೆ, ಸ್ವಲ್ಪ ಇಳಿಸು ಎನ್ನುತ್ತಿದ್ದಾರೆ ಎಂದುಕೊಂಡೆ. ಅವರು ದುಬಾರಾ ಎಂದ ಕೂಡಲೇ ಉತ್ತರವನ್ನು ಅರ್ಧ ಮಾಡಿಬಿಡುತ್ತಿದ್ದೆ. ಮಜಾ ಏನೆಂದರೆ ಬಹಳ ಸಲ ಅದು ಸರಿಹೋಗುತ್ತಿತ್ತು. ಒಂದು ಇಡೀ ಸೆಮಿಸ್ಟರ್ ನಾನು ಹೀಗೆ ಚೌಕಾಸಿ ಮಾಡಿಕೊಂಡೇ ಜಾಣ ಅನ್ನಿಸಿಕೊಂಡೆ. ಕೊನೆಗೊಂದು ದಿನ ಅರ್ಧ ಮಾಡಿದರೂ ಲೆಕ್ಕ ಕೂಡಲಿಲ್ಲ.

“ಅರ್ಧಾ ಯಾಕ ಮಾಡಿದಿ? ಕೈಕು?” ಎಂದು ಕೇಳಿದರು.

“ದುಬಾರಿ ಆಗ್ಯಾದ ಅಂದ್ರಲ್ರಿ ಸರ. ಅದಕ್ಕ ಇಳಿಸೀನಿ.”

ಸರ್ ನಗು ಶುರು ಮಾಡಿದರೆ ಅದು ನಿಲ್ಲುವುದು ಕಷ್ಟವಿತ್ತು. ಕನ್ನಡಕ ತೆಗೆದು, ಸೀಮೆಸುಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡು, ಮುಖವೆಲ್ಲ ಬೆಳ್ಳಗೆ ಮಾಡಿಕೊಂಡರು. ಆಮೇಲೆ, “ನೀ ಅಂದದ್ದೂ ಖರೇ ಅದ ತಮ್ಮಾ. ಎರಡು ಸಲ ಎಣಸಿದ್ದು ದುಬಾರೀನೇ ಬೀಳ್ತದ” ಎಂದರು. ಅವತ್ತಿನಿಂದ ನಾನು ಅವರ ಕಣ್ಣಿಗೆ ಬಿದ್ದೆ. ಬೀಳದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಅವರು ಕಲಿಸುವ ರೀತಿ ಎಂಥದೆಂದು ಹೇಳುತ್ತೇನೆ ಕೇಳಿ. ಮೊದಲ ದಿನ ಕ್ಲಾಸಿಗೆ ಬಂದವರು ಹತ್ತು ಜನರನ್ನು ನಿಲ್ಲಿಸಿದರು. ಈದ್ ದಿನ ಈ ಹತ್ತು ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡರೆ ಒಟ್ಟು ಎಷ್ಟು ಅಪ್ಪುಗೆ ಎಂದು ಕೇಳಿದರು. ಪ್ರತಿಯೊಬ್ಬ ಒಂಬತ್ತು ಜನರನ್ನು, ಹತ್ತೊಂಬತ್ಲೆ ತೊಂಬತ್ತು ಎಂದೆವು. ಎರಡು ಬೆರಳು ಮೇಲೆದ್ದವು. “ದುಬಾರಾ. ನೀ ನನ್ನ ಅಪ್ಪಿಕೊಂಡಿ, ನಾ ನಿನ್ನ ಅಪ್ಪಿಕೊಂಡೆ. ಅದು ಎರಡು ಅಪ್ಪುಗಿ ಏನು? ಒಂದ ಅಲ್ಲೇನು?” ಸರಿ, ನಲವತ್ತೈದು ಎಂದು ಬರೆದುಕೊಂಡೆವು. ಮಾರನೆಯ ದಿನ ಅದೇ ಹತ್ತು ಜನರನ್ನು ನಿಲ್ಲಿಸಿ, ದಸರೆಯಲ್ಲಿ ಒಬ್ಬರಿಗೊಬ್ಬರು ಬನ್ನಿ ಕೊಟ್ಟರೆ ಒಟ್ಟು ಎಷ್ಟು ಬನ್ನಿ ಎಲೆ ಕೈ ಬದಲಾದವು ಎಂದು ಕೇಳಿದರು. ಈ ಸಲ ಮೋಸ ಹೋಗಬಾರದೆಂದು ಎಲ್ಲರೂ ಒಟ್ಟಿಗೇ ನಲವತ್ತೈದು ಎಂದು ಕೂಗಿದೆವು. “ನಕ್ಕೋ ಬಾಬಾ, ಹಂಗಲ್ಲ! ನಾ ಕೊಟ್ಟ ಎಲಿ ಬ್ಯಾರೆ, ನೀ ಕೊಟ್ಟ ಎಲಿ ಬ್ಯಾರೆ. ತೊಂಬತ್ತು. ಈದ್ ಲೆಕ್ಕ ದಸರಾಕ್ಕ ಹಚ್ಚಬ್ಯಾಡ್ರಿ.” ಎರಡು ದಿನಕ್ಕೆ ಎರಡು ಲೆಕ್ಕ. ಬೇರೆ ಕ್ಲಾಸಿನವರು ಅಷ್ಟರಲ್ಲಿ ಒಂದು ಅಧ್ಯಾಯ ಮುಗಿಸಿದ್ದರು.

ಸೂತ್ರ ಹೇಳಿಕೊಡಿ ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ನೋಟ್ಸ್ ಇಲ್ಲ. ಮಾದರಿ ಪ್ರಶ್ನೆಗಳಿಲ್ಲ. ‘ಪರೀಕ್ಷೆಗೆ ಬರುತ್ತದೆಯೇ?’ ಎಂದು ಕೇಳಿದ ಹುಡುಗನ ಮುಖವನ್ನು ಅವನು ಹೊಸ ರೋಗಿಯೇನೋ ಎಂಬಂತೆ ನೋಡುತ್ತಿದ್ದರು. ಬೋರ್ಡಿನ ಮುಂದೆ ನಿಲ್ಲಿಸಿದರೆ ಉತ್ತರ ಬರುವ ತನಕ ಕಾಯುತ್ತಿದ್ದರು, ಇಪ್ಪತ್ತು ನಿಮಿಷವಾದರೂ ಸರಿ. ಆ ಇಪ್ಪತ್ತು ನಿಮಿಷದಲ್ಲಿ ನಿಂತವನಿಗೆ ಆಗುವ ಅವಮಾನ ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಹುಡುಗಿಯರು ಅತ್ತದ್ದುಂಟು. ಯಾಕೆ ಅಳುತ್ತಿದ್ದಾರೆಂದು ಅವರಿಗೆ ನಿಜಕ್ಕೂ ತಿಳಿಯುತ್ತಿರಲಿಲ್ಲ. “ಅಳೂದೇನದ ಇದರಾಗ? ವಿಚಾರ ಮಾಡು, ಬರ್ತದ” ಎಂದು ತಮ್ಮ ಕುರ್ಚಿಯನ್ನೇ ಅವರ ಕಡೆ ತಳ್ಳುತ್ತಿದ್ದರು. ಒಳ್ಳೆಯ ಮಾಸ್ತರು ಎಂದು ಅವರನ್ನು ಹೊಗಳಲು ನನಗೆ ನಾಲಿಗೆ ಏಳುವುದಿಲ್ಲ. ಒಳ್ಳೆಯ ಮಾಸ್ತರಾದವನಿಗೆ ಎದುರಿಗೆ ನಿಂತವನ ಕಾಲು ನೋಯುತ್ತಿದೆ ಎಂಬುದೂ ಗೊತ್ತಿರಬೇಕು.

ಅವರ ಮನೆತನ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರದ್ದು. ಮನೆಯಲ್ಲಿ ಓದಿದವರು ಇವರೊಬ್ಬರೇ. ಒಮ್ಮೆ ಅವರ ಜೊತೆ ಅಂಗಡಿಗೆ ಹೋಗಿದ್ದೆ. ಅವರ ತಮ್ಮ ಗದ್ದಿಗೆಯ ಮೇಲಿನಿಂದಲೇ ನನ್ನನ್ನು ನೋಡಿ, “ನಮ್ಮಣ್ಣನ ಶಿಷ್ಯ ಏನ್ರಿ ನೀವು? ಪಾಪ. ನಮ್ಮಣ್ಣ ಎಣಸ್ತಾನ, ನಾವು ತೂಗ್ತೀವಿ. ನಮ್ಮದು ಸಂಜೀಕ ಮುಗೀತದ, ಅವನದು ಮುಗಿಯಂಗಿಲ್ಲ” ಎಂದರು. ಸರ್ ಅದಕ್ಕೆ ತುಂಬ ಹೆಮ್ಮೆಯಿಂದ ತಲೆಯಾಡಿಸಿದರು. ಅದು ಹೆಮ್ಮೆಪಡುವ ಮಾತಲ್ಲ ಎಂದು ಅವರಿಗೆ ಹೇಳುವವರು ಯಾರು?

ಜೇವರ್ಗಿ ಕಾಲೋನಿಯ ಒಂದು ಟ್ಯೂಶನ್ ಕ್ಲಾಸಿನವರು ಎಂಟ್ರನ್ಸ್ ಪರೀಕ್ಷೆಯ ಮಕ್ಕಳಿಗೆ ಒಂದು ತಿಂಗಳು ಕಲಿಸಿ ಎಂದು ಅವರನ್ನು ಕರೆದರು. ನಾನೇ ಹೇಳಿ ಒಪ್ಪಿಸಿದ್ದೆ. ನಾಲ್ಕು ಮಕ್ಕಳಿಗೆ ಅವರ ಹೆಸರು ತಿಳಿದರೆ ಮುಂದೆ ನಮ್ಮ ವಿಭಾಗಕ್ಕೆ ಬಂದಾರು ಎಂಬ ಆಸೆ. ಮೊದಲ ದಿನ ‘ಕಲಬುರಗಿ’ ಎಂಬ ಪದದ ಅಕ್ಷರಗಳನ್ನು ಎಷ್ಟು ರೀತಿಯಲ್ಲಿ ಹಿಂದುಮುಂದು ಜೋಡಿಸಬಹುದು ಎಂದು ಕೇಳಿದರು. ಮಕ್ಕಳು ಇಂಗ್ಲಿಷಿನ ಹತ್ತು ಅಕ್ಷರ ಹಿಡಿದು, ಅದರಲ್ಲಿ ‘ಎ’ ಮೂರು ಸಲ ಬಂದದ್ದನ್ನು ಕಳೆದು, ಆರು ಲಕ್ಷದ ನಾಲ್ಕು ಸಾವಿರದ ಎಂಟುನೂರು ಎಂದು ಒಂದೂವರೆ ನಿಮಿಷದಲ್ಲಿ ಹೇಳಿಬಿಟ್ಟರು. ಅಲ್ಲಿಗೆ ಬಿಡಬೇಕಿತ್ತೋ ಇಲ್ಲವೋ? ಬಿಡಲಿಲ್ಲ. ಎರಡನೆಯ ದಿನ ಕನ್ನಡದಲ್ಲಿ ಬರೆಸಿದರು. ಐದೇ ಅಕ್ಷರ, ನೂರಿಪ್ಪತ್ತು. ಮೂರನೆಯ ದಿನ ಗುಲ್ಬರ್ಗಾ ಎಂದು ಉರ್ದುವಿನಲ್ಲಿ ಬರೆದರು. ಆರು ಅಕ್ಷರ, ‘ಗಾಫ್’ ಎರಡು ಸಲ, ಮುನ್ನೂರ ಅರವತ್ತು. “ಊರು ಒಂದ, ಲೆಕ್ಕ ಮೂರು. ಯಾವುದು ಖರೇ?” ಮಕ್ಕಳು ಯಾವ ಆಪ್ಷನ್‌ಗೆ ಗುರುತು ಹಾಕಬೇಕೆಂದು ಕೇಳಿದರು. ಕ್ಲಾಸಿನ ಮಾಲಕರು ನಾಲ್ಕನೆಯ ದಿನ ಬಾಗಿಲಲ್ಲೇ ನಿಂತು, “ಸರ್, ನೀವು ಭಾಳ ದೊಡ್ಡವರದೀರಿ, ನಮ್ಮ ಹುಡುಗರು ಸಣ್ಣವ್ರು” ಎಂದು ಕೈಮುಗಿದರು. ಸರ್ ಅದನ್ನು ನಿಜವಾದ ಗೌರವ ಎಂದೇ ತಿಳಿದು, ತಿರುಗಿ ಕೈಮುಗಿದು ಬಂದರು. ಸೇಡಂ ರಸ್ತೆಯುದ್ದಕ್ಕೂ ನಾನು ಅವರ ಸ್ಕೂಟರಿನ ಹಿಂದೆ ಕುಳಿತು ಹಲ್ಲು ಕಡಿಯುತ್ತ ಬಂದೆ. ಅವರು ಮಾತ್ರ ಉರ್ದುವಿನ ಅಕ್ಷರಗಳ ಬಗ್ಗೆಯೇ ಮಾತಾಡುತ್ತಿದ್ದರು.

ಅವರಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ. ವಿದ್ಯಾರ್ಥಿ. ಪ್ರಮೋಶನ್ ಕೇಳಲಿಲ್ಲ, ಮುಖ್ಯಸ್ಥಗಿರಿ ಕೇಳಲಿಲ್ಲ. ಜೊತೆಗೆ ಕುಳಿತು ಒಂದು ಲೆಕ್ಕವನ್ನು ತಿಂಗಳುಗಟ್ಟಲೆ ನೋಡುವ ಒಬ್ಬ ಹುಡುಗನೋ ಹುಡುಗಿಯೋ ಬೇಕು, ಅಷ್ಟೇ. ಅದೇ ಸಿಗಲಿಲ್ಲ. ವಿಭಾಗದಲ್ಲಿ ಹತ್ತು ಜನ ಆರಿಸಿಕೊಂಡರೆ ಮಾತ್ರ ಪೇಪರ್ ನಡೆಯುತ್ತದೆ ಎಂಬ ನಿಯಮವಿತ್ತು. ಪ್ರತಿ ಜುಲೈಯಲ್ಲಿ ಸರ್ ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ನಿಂತು, ಹೊಸ ಹುಡುಗರನ್ನು ಹಿಡಿದು ಅಪ್ಪುಗೆಯ ಲೆಕ್ಕ ಕೇಳುತ್ತಿದ್ದರು. ಹುಡುಗರು ನಗುತ್ತಿದ್ದರು, ಉತ್ತರವನ್ನೂ ಹೇಳುತ್ತಿದ್ದರು, ಆಮೇಲೆ ಹೋಗಿ ಸುಲಭಕ್ಕೆ ಅಂಕ ಬರುವ ಪೇಪರಿಗೆ ಹೆಸರು ಬರೆದುಕೊಡುತ್ತಿದ್ದರು. ಒಂದು ವರ್ಷ ಏಳು ಜನ, ಮುಂದಿನ ವರ್ಷ ನಾಲ್ಕು. ಹುಡುಗರು ಫೇಲಾಗುತ್ತಾರೆಂದು ಅರ್ಜಿ ಹೋಯಿತು, ಸಭೆ ನಡೆಯಿತು, ಪೇಪರೇ ಹೋಯಿತು. ಸರ್ ಆ ಸಭೆಯಲ್ಲಿ ಒಂದು ಮಾತೂ ಆಡಲಿಲ್ಲವಂತೆ. ಆಡಬೇಕಿತ್ತು. ಎರಡು ಬೆರಳು ಎತ್ತುವವರಿಗೆ ಮುಷ್ಟಿ ಎತ್ತಲು ಬರಲಿಲ್ಲ.

ಪಿಎಚ್.ಡಿ. ಅವರ ಕೈಯಲ್ಲಿ ಮುಗಿಸಿದವರು ಇಡೀ ಸೇವೆಯಲ್ಲಿ ಇಬ್ಬರೇ. ಮೂರನೆಯವನು ನಾನಾಗಬೇಕಿತ್ತು.

ನನ್ನ ವಿಷಯ ಮಣಿ ಪೋಣಿಸಿದ ಬಳೆಗಳದ್ದು. ಬಣ್ಣಬಣ್ಣದ ಮಣಿಗಳಿಂದ ಎಷ್ಟು ಬೇರೆ ಬೇರೆ ಬಳೆ ಮಾಡಬಹುದು ಎಂಬ ಪ್ರಶ್ನೆ. ಬಳೆಯನ್ನು ತಿರುಗಿಸಿದರೂ ಅದೇ ಬಳೆ, ಮಗುಚಿ ಹಾಕಿದರೂ ಅದೇ ಬಳೆ. ಹಾಗಾಗಿ ಹೆಜ್ಜೆಹೆಜ್ಜೆಗೂ ಒಂದನ್ನೇ ಎರಡು ಸಲ ಎಣಿಸುವ ಭಯ. ನಾಲ್ಕೂವರೆ ವರ್ಷ ಕುಳಿತೆ. ಬರೆದದ್ದನ್ನು ಒಯ್ದು ಕೊಟ್ಟರೆ ಸರ್ ಪ್ರತಿ ಸಾಲನ್ನೂ ಓದುತ್ತಿದ್ದರು. ನಿಜವಾಗಿ ಓದುತ್ತಿದ್ದರು, ಪೆನ್ಸಿಲ್ ಹಿಡಿದು, ತುಟಿ ಅಲ್ಲಾಡಿಸುತ್ತ. ನನ್ನ ಬರವಣಿಗೆಯನ್ನು ಆ ಮೊದಲಾಗಲಿ ಆಮೇಲಾಗಲಿ ಹಾಗೆ ಯಾರೂ ಓದಿಲ್ಲ. ಒಂದೇ ಪುಟ ಹನ್ನೊಂದು ಸಲ ತಿರುಗಿ ಬಂದದ್ದೂ ಉಂಟು.

ಕೊನೆಗೆ ಐದು ಅಧ್ಯಾಯ ಮುಗಿದವು. ಅದೇ ಹೊತ್ತಿಗೆ ಕಾಲೇಜು ಉಪನ್ಯಾಸಕರ ನೇಮಕಾತಿ ಬಂತು. ನನಗೆ ವಯಸ್ಸಿನ ಮಿತಿ ಹತ್ತಿರ ಬಂದಿತ್ತು, ಹೆಂಡತಿ ಬಸುರಿ, ಶಿಷ್ಯವೇತನ ನಿಂತು ವರ್ಷವಾಗಿತ್ತು. ಪಿಎಚ್.ಡಿ. ಇದ್ದರೆ ಕೆಲಸ ಖಾತ್ರಿ. ಸಲ್ಲಿಸುವುದಕ್ಕೆ ವಾರವಿದೆ ಎನ್ನುವಾಗ ಸರ್ ಮನೆಗೆ ಕರೆದರು. ಔಷಧಿ ಅಂಗಡಿಯ ಚೀಟಿಯ ಹಿಂದೆ ಒಂದು ಬಳೆ ಬರೆದಿಟ್ಟಿದ್ದರು. ಹನ್ನೆರಡು ಮಣಿ.

ನಾಲ್ಕನೆಯ ಅಧ್ಯಾಯದಲ್ಲಿ ನಾನು ಬಳೆಗಳನ್ನು ಎರಡು ಗುಂಪು ಮಾಡಿದ್ದೆ. ಯಾವ ಬಳೆಯೂ ಎರಡೂ ಗುಂಪಿಗೆ ಸೇರುವುದಿಲ್ಲ ಎಂದು ಬರೆದಿದ್ದೆ. ಹತ್ತು ಮಣಿಯ ತನಕ ಕಂಪ್ಯೂಟರಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡಿದ್ದೆ. ಚೀಟಿಯ ಮೇಲಿದ್ದ ಹನ್ನೆರಡು ಮಣಿಯ ಬಳೆ ಎರಡರಲ್ಲೂ ಕುಳಿತಿತ್ತು. ಸರ್ ಬಾಯಿ ತೆರೆಯುವ ಮೊದಲೇ ಅವರೇನು ಹೇಳುತ್ತಾರೆಂದು ಗೊತ್ತಾಯಿತು. ಅವರು ಹೇಳಲಿಲ್ಲ, ಬೆರಳನ್ನೂ ಎತ್ತಲಿಲ್ಲ. “ಆರು ತಿಂಗಳು ಕೂಡು. ಸರಿ ಆಗ್ತದ” ಎಂದರು.

“ಆರು ತಿಂಗಳು ಇಲ್ರಿ ಸರ ನನ್ನ ಕಡೆ.”

“ಮತ್ತ ಹೆಂಗ ಸಹಿ ಮಾಡ್ಲಿ?”

“ಇಡೀ ಥೀಸಿಸ್‌ನಾಗ ಒಂದು ಬಳಿ. ಯಾರು ನೋಡ್ತಾರ್ರಿ?”

“ನಾ ನೋಡೀನಲ್ಲಪ್ಪ” ಎಂದರು.

ಆ ನಾಲ್ಕು ಅಕ್ಷರದ ‘ನೋಡೀನಲ್ಲ’ ಇವತ್ತಿಗೂ ನನ್ನ ಎದೆಯಲ್ಲಿ ಸಿಟ್ಟನ್ನೇ ಎಬ್ಬಿಸುತ್ತದೆ. ಅವರು ನೋಡಿದ್ದರು, ಸರಿ. ನನ್ನನ್ನು ನೋಡಿದ್ದರೇ? ನಾನು ಕೂಗಾಡಿದೆ. ಅವರ ಹೆಂಡತಿ ಒಳಗಿನಿಂದ ನೀರು ತಂದಿಟ್ಟು ಹೋದರು. ನಿಮ್ಮ ಕೈಯಲ್ಲಿ ಯಾಕೆ ಯಾರೂ ನಿಲ್ಲುವುದಿಲ್ಲ ಎಂದು ಈಗ ತಿಳಿಯಿತು ಎಂದೆ. ಅದು ಅವರ ಜೀವನದ ಹುಣ್ಣು ಎಂದು ಗೊತ್ತಿದ್ದೇ ಅಂದೆ. ಸರ್ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು.

ಮಾರನೆಯ ದಿನ ಗೈಡ್ ಬದಲಾವಣೆಗೆ ಅರ್ಜಿ ಹಾಕಿದೆ. ಒಪ್ಪಿಗೆ ಪತ್ರಕ್ಕೆ ಸರ್ ಅಭ್ಯಂತರವಿಲ್ಲ ಎಂದು ಸಹಿ ಹಾಕಿ, ನನ್ನ ಪೆನ್ನನ್ನು ನನಗೇ ವಾಪಸು ಕೊಟ್ಟರು. ಹೊಸ ಗೈಡ್ ಮೊದಲ ಪುಟ ಮತ್ತು ಕೊನೆಯ ಪುಟ ನೋಡಿ ಮುದ್ರೆ ಒತ್ತಿದರು. ಬಳೆಯ ಸಂಗತಿ ನಾನು ಅವರಿಗೆ ಹೇಳಲಿಲ್ಲ.

ಬಹಿರಂಗ ವೈವಾ ಎಂದರೆ ಅಭ್ಯರ್ಥಿ ಎಲ್ಲರೆದುರು ತನ್ನ ಪ್ರಬಂಧವನ್ನು ವಿವರಿಸುವುದು. ಯಾರು ಬೇಕಾದರೂ ಬಂದು ಪ್ರಶ್ನೆ ಕೇಳಬಹುದು, ಯಾರೂ ಕೇಳುವುದಿಲ್ಲ. ನನ್ನ ವೈವಾಗೆ ಸರ್ ಬಂದರು. ಬಿಳಿ ಅರ್ಧ ತೋಳಿನ ಅಂಗಿ, ಎಡ ಕಿಸೆಯ ಮೇಲೆ ಎಂದಿನಂತೆ ಸೀಮೆಸುಣ್ಣದ ಕಲೆ. ಹೊರಗಿನ ಪರೀಕ್ಷಕರು ತೃಪ್ತಿ ಎಂದರು, ಸಭಿಕರಲ್ಲಿ ಯಾರದಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು. ಸರ್ ಎದ್ದು ನಿಂತರು. ಮುಂದಿನ ಸಾಲಿನಲ್ಲಿ ಮೂರು ತಿಂಗಳ ಕೂಸನ್ನು ಹಿಡಿದು ನನ್ನ ಹೆಂಡತಿ ಕುಳಿತಿದ್ದಳು.

“ನಿಮ್ಮ ಎರಡನೇ ಅಧ್ಯಾಯದ ಮೊದಲನೇ ಉದಾಹರಣಿ ಅದಲ್ರಿ, ಅದನ್ನ ಬೋರ್ಡಿನ ಮ್ಯಾಲ ಬಿಡಿಸಿ ತೋರಿಸ್ತೀರೇನ್ರಿ? ಭಾಳ ಛಂದ ಬಂದದ” ಎಂದರು.

ಏಳು ವರ್ಷದಲ್ಲಿ ಅವರು ನನಗೆ ‘ರೀ’ ಹಚ್ಚಿ ಮಾತಾಡಿದ್ದು ಅದೇ ಮೊದಲು. ನಾನು ಬಿಡಿಸಿ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ಹೊರಗೆ ಚಹಾ, ಪೇಡೆ ಹಂಚುವಾಗ ಸರ್ ನನ್ನನ್ನು ಕಿಟಕಿಯ ಹತ್ತಿರ ಕರೆದರು.

“ತಮ್ಮಾ, ನಾಕನೇ ಅಧ್ಯಾಯ ತಗದ ಹಾಕಬಹುದಿತ್ತಲ್ಲ. ಉಳದ ನಾಕರ ಮ್ಯಾಲೇ ಡಿಗ್ರಿ ಬರ್ತಿತ್ತು.”

ಹೌದು, ಬರುತ್ತಿತ್ತು. ಅಷ್ಟು ಸರಳ. “ಅವತ್ತ ಯಾಕ ಹೇಳಲಿಲ್ರಿ ಸರ ಇದನ್ನ?”

“ಅವತ್ತ ಹೊಳೀಲಿಲ್ಲಪ್ಪ. ನನಗ ಆ ಬಳಿನೇ ಕಾಣಾಕತ್ತಿತ್ತು. ನೀ ಎದ್ದು ಹ್ವಾದ ಮ್ಯಾಲ ಹೊಳೀತು” ಎಂದು ಪೇಡೆಯನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಕೈಗಿಟ್ಟರು.

ಈ ಮನುಷ್ಯನನ್ನು ಏನು ಮಾಡಬೇಕು ಹೇಳಿ. ಹೊಳೆದ ಮೇಲಾದರೂ ಒಂದು ಫೋನ್ ಮಾಡಬಾರದಿತ್ತೇ? ನಾನು ಗೈಡ್ ಬದಲಿಸಿದವನು, ಇನ್ನು ಹೇಳುವುದು ಮರ್ಯಾದೆಯಲ್ಲ ಎಂದುಕೊಂಡಿರಬೇಕು. ನಾನಾದರೂ ಒಂದು ದಿನ ಸಿಟ್ಟಿಳಿಸಿಕೊಂಡು ತಿರುಗಿ ಹೋಗಬಾರದಿತ್ತೇ? ಇಬ್ಬರು ಗಣಿತದವರಿಗೆ ಐದರಲ್ಲಿ ಒಂದು ಕಳೆಯಲು ಬರಲಿಲ್ಲ.

ಕಮಲಾಪುರದ ಒಂದು ಕಾಲೇಜಿನಲ್ಲಿ ನನಗೆ ಕೆಲಸವಾಯಿತು. ಹೆಸರಿನ ಹಿಂದೆ ಡಾಕ್ಟರ್ ಬಂತು. ಪ್ರಬಂಧ ಅಂತರ್ಜಾಲಕ್ಕೇರಿತು, ಹನ್ನೆರಡು ಮಣಿಯ ಸುಳ್ಳಿನ ಸಮೇತ. ಸರ್ ಅದನ್ನು ಯಾರಿಗೂ ಹೇಳಲಿಲ್ಲ. ಬದಲಿಗೆ ಪ್ರತಿ ವರ್ಷ ಎಂ.ಎಸ್ಸಿ. ಪ್ರವೇಶ ಶುರುವಾಗುವ ಮುಂಚೆ ನನಗೆ ಫೋನ್ ಮಾಡತೊಡಗಿದರು.

“ಕಮಲಾಪುರದಾಗ ಯಾರರೆ ಅದಾರೇನು ತಮ್ಮಾ?”

“ಯಾರೂ ಇಲ್ರಿ ಸರ.”

“ಇರಲಿ. ಮುಂದಿನ ವರ್ಷ ನೋಡೂಣು.”

ಯಾರೂ ಇರಲಿಲ್ಲವೇ? ಇದ್ದರು. ಮೂರು ವರ್ಷಕ್ಕೊಮ್ಮೆಯಾದರೂ ಒಬ್ಬರು ಸಿಗುತ್ತಿದ್ದರು, ಸೂತ್ರ ಕೊಟ್ಟರೆ ‘ಯಾಕ್ರಿ?’ ಎನ್ನುವವರು. ಅವರನ್ನು ಧಾರವಾಡಕ್ಕೆ ಕಳಿಸಿದೆ, ಬೀದರಿಗೆ ಕಳಿಸಿದೆ, ಬಿ.ಎಡ್. ಮಾಡಿರೆಂದೆ. ಸರ್ ಹತ್ತಿರ ಕಳಿಸಲಿಲ್ಲ. ಅವರ ಎದುರು ಕುಳಿತು ಕಲಿತವರು ಒಂದಲ್ಲ ಒಂದು ದಿನ ನನ್ನ ನಾಲ್ಕನೆಯ ಅಧ್ಯಾಯ ತೆರೆಯುತ್ತಾರೆ, ಆಗ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹುಡುಗರಿಗೆ ಅವರ ಕಾಟ ಬೇಡ, ಅವರ ಭವಿಷ್ಯ ಹಾಳಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜವೂ ಆಗಿತ್ತು, ಅದೇ ಅನುಕೂಲ.

ನಿವೃತ್ತರಾದ ಮೇಲೂ ಫೋನ್ ನಿಲ್ಲಲಿಲ್ಲ. “ಡಿಗ್ರಿ ಗಿಗ್ರಿ ಏನೂ ಬ್ಯಾಡ. ಐತವಾರ ಬಂದು ಸುಮ್ಮ ಕೂತ್ರ ಸಾಕು, ನಾ ಕಲಸ್ತೇನಿ” ಎನ್ನುತ್ತಿದ್ದರು. ಒಮ್ಮೆ ಹೇಳದೆ ಕೇಳದೆ ಕಮಲಾಪುರಕ್ಕೇ ಬಂದುಬಿಟ್ಟರು. ಕಲಬುರಗಿಯಿಂದ ಬಸ್ಸು ಹತ್ತಿ, ಬಿಸಿಲಲ್ಲಿ ನಡೆದು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಅಂಗಿಯ ಕಿಸೆಯಲ್ಲಿ ಕಾಗದದಲ್ಲಿ ಸುತ್ತಿದ ಸೀಮೆಸುಣ್ಣ. ಹಳ್ಳಿ ಕಾಲೇಜಿನಲ್ಲಿ ಇರುತ್ತದೋ ಇಲ್ಲವೋ ಎಂದು ತಾವೇ ತಂದಿದ್ದರು.

“ನಿನ್ನ ಕ್ಲಾಸ್ ಎಲ್ಲದ? ಒಂದ ತಾಸು ಕೊಡು, ಹುಡುಗರ ಜೋಡಿ ಮಾತಾಡ್ತೇನಿ.”

“ಇವತ್ತ ಟೆಸ್ಟ್ ನಡದಾದ್ರಿ ಸರ.”

ಪಕ್ಕದ ಕೋಣೆಯಿಂದ ನನ್ನದೇ ಬಿ.ಎಸ್ಸಿ. ಮೊದಲ ವರ್ಷದವರ ಗದ್ದಲ ಕೇಳಿಬರುತ್ತಿತ್ತು. ಯಾರೋ ಏನೋ ಅಂದರು, ಇಡೀ ಕ್ಲಾಸು ಹೋ ಎಂದು ನಕ್ಕಿತು. ಸರ್ ಆ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದರು.

“ಭಾಳ ನಕ್ಕೋತ ಟೆಸ್ಟ್ ಬರೀತಾರಲ್ಲಪ್ಪ ನಿನ್ನ ಹುಡುಗರು” ಎಂದರು.

ನಾನು ಅವರನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ನಮ್ಮೂರ ಕೆಂಪು ಬಾಳೆಹಣ್ಣು ಒಂದು ಚಿಪ್ಪು ಕೊಡಿಸಿದೆ. ನನ್ನ ಮಗಳ ಓದು, ಮಳೆ, ತಮ್ಮ ಮಂಡಿನೋವು ಎಂದು ಅವರು ಎಲ್ಲದರ ಬಗ್ಗೆ ಮಾತಾಡಿದರು, ಗಣಿತದ ಬಗ್ಗೆ ಒಂದು ಮಾತೂ ಇಲ್ಲ. ಬಸ್ಸು ಹೋದ ಮೇಲೆ ನನಗೆ ನನ್ನ ಮೇಲೆ ಬಂದ ಸಿಟ್ಟನ್ನು ಅವರ ಮೇಲೆಯೇ ಹಾಕಿದೆ. ಹೇಳಿ ಬರಬಾರದಿತ್ತೇ ಎಂದು ಹೆಂಡತಿಯ ಮುಂದೆ ಒದರಾಡಿದೆ.

ಈ ವರ್ಷ ಜೂನಿನಲ್ಲೂ ಫೋನ್ ಬಂತು. ದನಿ ಇಳಿದಿತ್ತು, ನಡುನಡುವೆ ಕೆಮ್ಮು. “ಈ ಸಲಾನೂ ಯಾರೂ ಇಲ್ಲೇನು?” ಎಂದರು. ನಾನು ಕ್ಲಾಸಿನ ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹುಡುಗರು ಲೆಕ್ಕ ಬಿಡಿಸುತ್ತಿದ್ದರು. “ಯಾರೂ ಇಲ್ರಿ ಸರ” ಎಂದೆ. ಈ ಸಲ ಅವರು ಮುಂದಿನ ವರ್ಷದ ಮಾತೆತ್ತಲಿಲ್ಲ. ಆಗಸ್ಟಿನಲ್ಲಿ ತೀರಿಕೊಂಡರು.

ಸಂತಾಪ ಸಭೆಯಾಗಿ ಎರಡು ತಿಂಗಳಾಗಿತ್ತು. ಬಿ.ಎಸ್ಸಿ. ಕೊನೆಯ ವರ್ಷದ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಹತ್ತಿರದ ಹಳ್ಳಿಯವಳು, ಮೊದಲ ವರ್ಷದಿಂದ ನನ್ನ ಕ್ಲಾಸಿನಲ್ಲೇ ಇದ್ದಾಳೆ, ಮಾತು ಕಡಿಮೆ. ಪ್ರಾಜೆಕ್ಟಿಗೆ ಏನಾದರೂ ಸಿಗುತ್ತದೇನೋ ಎಂದು ಮೊಬೈಲಿನಲ್ಲಿ ನನ್ನ ಪ್ರಬಂಧ ಹುಡುಕಿ ಓದಿದ್ದಳು. ಕೈಯಲ್ಲಿ ನೋಟ್‌ಬುಕ್ಕಿತ್ತು.

“ಸರ, ನಂದೇ ತಪ್ಪಿರಬೇಕ್ರಿ. ನಾಕನೇ ಅಧ್ಯಾಯದಾಗ ಈ ಬಳಿ ಎರಡೂ ಕಡೆ ಬರಾಕತ್ತದ.”

ಹನ್ನೆರಡು ಮಣಿ. ಆದರೆ ಸರ್ ಬರೆದ ಬಳೆಯಲ್ಲ, ಬೇರೆಯದು. ಅಂಥದ್ದು ಇನ್ನೊಂದಿದೆ ಎಂದು ನನಗೂ ಗೊತ್ತಿರಲಿಲ್ಲ, ಸರ್‌ಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಹೆದರಿದ ಗಳಿಗೆ ಎದುರಿಗೆ ನಿಂತಿತ್ತು, ನೀಲಿ ಬಾಲ್‌ಪೆನ್ನಿನಲ್ಲಿ. ಹೆದರಿಕೆಯೇ ಆಗಲಿಲ್ಲ ಎಂಬುದು ಇನ್ನೂ ಕೆಟ್ಟದು. ಇದಕ್ಕಾಗಿಯೇ ಅವರನ್ನು ಅಷ್ಟು ವರ್ಷ ಉಪವಾಸ ಕೆಡವಿದೆನೇ?

“ನಿಂದು ತಪ್ಪಿಲ್ಲವ್ವ. ನಂದು ತಪ್ಪು” ಎಂದೆ.

“ಆವಾಗ ಯಾರೂ ಹೇಳಲಿಲ್ಲೇನ್ರಿ ಸರ?”

“ಹೇಳಿದ್ರು. ನಮ್ಮ ಸರ್ ಒಬ್ರು ಇದ್ರು ಕಲಬುರಗಿಯೊಳಗ.”

ಕೂಡು ಎಂದು ಕುರ್ಚಿ ಕೊಟ್ಟೆ. ಅಪ್ಪುಗೆಯ ಲೆಕ್ಕ, ಬನ್ನಿಯ ಲೆಕ್ಕ, ಊರಿನ ಹೆಸರಿನ ಮೂರು ಉತ್ತರ, ಎಲ್ಲ ಹೇಳಿದೆ. ಒಂದು ಪುಟಕ್ಕೆ ತಿಂಗಳು ಕೂಡಿಸುತ್ತಿದ್ದರು ಎಂದು ದೂರುವಂತೆ ಹೇಳಿದರೆ ಅವಳ ಮುಖ ಅರಳಿತು.

“ಸರ, ಅವರ ಕಡೆ ನನ್ನ ಕಳಸ್ರಿ. ಐತವಾರಕ್ಕೊಮ್ಮೆ ಹೋಗಿ ಬರ್ತೀನಿ. ಇನ್ನಾ ಕಲಸ್ತಾರೇನ್ರಿ ಅವರು?”

“ಆಗಸ್ಟ್‌ನಾಗ ತೀರಿಕೊಂಡ್ರವ್ವ.”

ಅವಳು ನೋಟ್‌ಬುಕ್ಕನ್ನು ಮುಚ್ಚಿದಳು. ಮನಸ್ಸಿನಲ್ಲಿ ಏನೋ ಲೆಕ್ಕ ಹಾಕುತ್ತಿದ್ದಳು. ದೂರು ಹೇಳುವ ದನಿಯೇನಲ್ಲ, ಬರೀ ಲೆಕ್ಕ ಒಪ್ಪಿಸುವ ದನಿ.

“ಈ ಆಗಸ್ಟ್ ಅಂದ್ರ, ಆವಾಗ ನಾ ಇಲ್ಲೇ ಇದ್ದೆನಲ್ರಿ ಸರ?”

“ಹೌದವ್ವ” ಎಂದೆ. “ಇಲ್ಲೇ ಇದ್ದಿ.”